ಇಂಗಾಲದ ಡೈಆಕ್ಸೈಡಿನಿಂದ ಇಂಧನ: ಸಂಯೋಜಿತ ದ್ಯುತಿವೇಗವರ್ಧಕಗಳಿಗೆ ಮೂರು ಪರೀಕ್ಷೆಗಳು

ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲಿ 1,440 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಗಂಟೆಗೆ ಸಾವಿರ ಟನ್ನಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಬಿಸಿಲಿನ ಬಲದಿಂದ ಈ ಅನಿಲವನ್ನು ಇಂಧನವಾಗಿಸುವ ಸಂಶೋಧನೆಯನ್ನು ಇಂಥ ನಿಜವಾದ ಹೊಗೆಯ ಎದುರಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ತತ್ತ್ವ

1979ರಲ್ಲಿ ಇನೌಯೆ, ಫುಜಿಶಿಮಾ, ಕೊನಿಶಿ ಮತ್ತು ಹೋಂಡಾ ಅವರು ನೀರಿನಲ್ಲಿ ಬೆರೆಸಿದ ಅರೆವಾಹಕ ಪುಡಿಗಳ ಮೇಲೆ ಬೆಳಕು ಹಾಯಿಸಿ ಈ ಅನಿಲದಿಂದ ಫಾರ್ಮಾಲ್ಡಿಹೈಡ್, ಮೆಥನಾಲ್ ಪಡೆದರು. ಅವರು ಬಳಸಿದ ಟೈಟಾನಿಯಂ ಡೈಆಕ್ಸೈಡಿನ ಪಟ್ಟಿ ಅಂತರ, ಅಂದರೆ ಇಲೆಕ್ಟ್ರಾನನ್ನು ಬಿಡಿಸಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 3.2 ಇಲೆಕ್ಟ್ರಾನ್ ವೋಲ್ಟ್. ಬಿಸಿಲಿನಲ್ಲಿ ಶೇ. 5ರಷ್ಟೇ ಇರುವ ನೇರಳಾತೀತ ಕಿರಣಗಳು ಮಾತ್ರ ಅದಕ್ಕೆ ದಕ್ಕುತ್ತವೆ. ಬೆಳಕು ಬಿಡಿಸಿದ ಇಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗವಾದ ರಂಧ್ರ ಕೂಡಲೇ ಮತ್ತೆ ಒಂದಾಗುವುದು ಎರಡನೆಯ ತೊಡಕು. ತಕ್ಕ ಎರಡು ವಸ್ತುಗಳನ್ನು ಬೆಸೆದು ಸಂಯೋಜಿತ ದ್ಯುತಿವೇಗವರ್ಧಕ ಮಾಡಿದರೆ ಇಲೆಕ್ಟ್ರಾನ್ ಒಂದರಲ್ಲಿ, ರಂಧ್ರ ಇನ್ನೊಂದರಲ್ಲಿ ಉಳಿಯುತ್ತದೆ. ಇಂಗಾಲದ ಮಾನಾಕ್ಸೈಡಿಗೆ 2, ಮೆಥನಾಲಿಗೆ 6, ಮೀಥೇನಿಗೆ 8 ಇಲೆಕ್ಟ್ರಾನುಗಳು ಬೇಕು; ಆದ್ದರಿಂದ ಈ ಬೇರ್ಪಡಿಕೆ ನಿರ್ಣಾಯಕ.

ಬೆಂಗಳೂರಿನ ನಿದರ್ಶನ

ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಮಾರ್ ಮಾಜಿ ಅವರ ತಂಡ 2021ರಲ್ಲಿ ಎಂಒಎಫ್-808 ಎಂಬ ಲೋಹ-ಸಾವಯವ ಚೌಕಟ್ಟಿನ ಕುಹರಗಳಲ್ಲಿ ಬೆಳಕು ಹೀರುವ ಅಣುವನ್ನೂ ವೇಗವರ್ಧಕ ಅಣುವನ್ನೂ ಒಟ್ಟಿಗೆ ಕಟ್ಟಿಹಾಕಿ, ನೀರಿನಲ್ಲೇ ಗೋಚರ ಬೆಳಕಿನಿಂದ ಇಂಗಾಲದ ಡೈಆಕ್ಸೈಡಿನ ಅಪಕರ್ಷಣ, ಅಂದರೆ ಅದಕ್ಕೆ ಇಲೆಕ್ಟ್ರಾನ್ ಸೇರಿಸುವ ಕ್ರಿಯೆ, ನಡೆಸಿತು. ಎರಡೂ ಅಣುಗಳು ಹತ್ತಿರವಿದ್ದರೆ ಇಲೆಕ್ಟ್ರಾನ್ ದಾಟುವುದು ಸುಲಭ.

ಚರ್ಚೆ

ಇಂಥ ಪ್ರಯೋಗಗಳ ಇಳುವರಿಯನ್ನು ಸಾಮಾನ್ಯವಾಗಿ ಗ್ರಾಂ ವೇಗವರ್ಧಕಕ್ಕೆ ಗಂಟೆಗೆ ಇಷ್ಟು ಮೈಕ್ರೋಮೋಲ್ ಎಂದು ಹೇಳುತ್ತಾರೆ. 100 ಮೈಕ್ರೋಮೋಲ್ ಇಂಗಾಲದ ಡೈಆಕ್ಸೈಡ್ ಎಂದರೆ ಬರೀ 4.4 ಮಿಲಿಗ್ರಾಂ. ಇಷ್ಟು ಸಣ್ಣ ಮೊತ್ತ ವೇಗವರ್ಧಕಕ್ಕೆ ಅಂಟಿದ ಸಾವಯವ ಕಲ್ಮಶದಿಂದಲೂ ಬರಬಹುದು. ಹಾಗಾಗಿ ಇಂಗಾಲ-13 ಸಮಸ್ಥಾನಿಯಿಂದ ಉತ್ಪನ್ನದ ಮೂಲವನ್ನು ಸಾಬೀತುಪಡಿಸುವುದು ಮೊದಲ ಪರೀಕ್ಷೆ. ಇಲೆಕ್ಟ್ರಾನ್ ಕೊಟ್ಟದ್ದು ನೀರೋ, ಟ್ರೈಎಥನಾಲಮೀನಿನಂಥ ಖರ್ಚಾಗುವ ರಾಸಾಯನಿಕವೋ ಎಂಬುದು ಎರಡನೆಯದು; ದಾನಿ ದುಬಾರಿಯಾದರೆ ಇಂಧನದ ಲೆಕ್ಕ ನಿಲ್ಲದು. ಮೂರನೆಯದು ಹೊಗೆಯದೇ ಪರೀಕ್ಷೆ. ಕಲ್ಲಿದ್ದಲಿನ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 12–15ರಷ್ಟಿದ್ದು, ಜೊತೆಗೆ ಆಕ್ಸಿಜನ್, ಗಂಧಕದ ಆಕ್ಸೈಡುಗಳೂ ಇರುತ್ತವೆ. ಆಕ್ಸಿಜನ್ ಇಲೆಕ್ಟ್ರಾನನ್ನು ಬಲು ಸುಲಭವಾಗಿ ಸೆಳೆದುಕೊಳ್ಳುತ್ತದೆ. ಶುದ್ಧ ಅನಿಲದ ಫಲಿತಾಂಶ ಇಲ್ಲಿಗೆ ಅನ್ವಯಿಸದು.

ತೀರ್ಮಾನ

ಮೆಟ್ಟೂರಿನಂಥ ಸ್ಥಾವರಕ್ಕೆ ಈ ವಿಧಾನ ಇಂದಿನ ಪರಿಹಾರವಲ್ಲ. ಆದರೂ ದೀರ್ಘಕಾಲ ಪೋಷಿಸಬೇಕಾದ ವಿಜ್ಞಾನ. ನಮ್ಮ ಪ್ರಯೋಗಾಲಯಗಳು ಇಳುವರಿಯ ಅಂಕಿಯೊಂದಿಗೆ ಈ ಮೂರು ಪರೀಕ್ಷೆಗಳ ಫಲವನ್ನೂ ಪ್ರಕಟಿಸಬೇಕು, ಸಂಶೋಧನಾ ಪತ್ರಿಕೆಗಳು ಅದನ್ನು ಕಡ್ಡಾಯ ಮಾಡಬೇಕು.