ಭೀಮಾತೀರದ ತತ್ತ್ವವಿಚಾರ

ಜೀವವೆಂದರೇನು, ಸದ್ವಸ್ತುವು ಯಾವುದು ಎಂಬ ಪ್ರಶ್ನೆಯು ಉಪನಿಷತ್ತುಗಳಷ್ಟು ಪ್ರಾಚೀನವಾದುದು. ಇದಕ್ಕೆ ಕನ್ನಡ ನಾಡಿನ ಒಂದೇ ಸೀಮೆಯು ಎರಡು ಬಗೆಯ ಉತ್ತರಗಳನ್ನು ಕೊಟ್ಟಿರುವುದು ವಿಚಾರಾರ್ಹವಾಗಿದೆ. ಆಳಂದದ ಕಡೆಯಿಂದ ಹರಿದುಬರುವ ಅಮರಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಭೀಮೆಯು ಜೇವರ್ಗಿಯ ಸೀಮೆಗೆ ಸಾಗುತ್ತದೆ. ಆ ಉತ್ತರಗಳೆರಡೂ ಈ ಹೊಳೆಯ ದಾರಿಯಲ್ಲಿಯೇ ದೊರೆಯುವುವು.

ಮೊದಲನೆಯದು ಗಾಣಗಾಪುರದ್ದು. 15ನೆಯ ಶತಮಾನದಲ್ಲಿ ಶ್ರೀ ನೃಸಿಂಹಸರಸ್ವತೀ ಯತಿಗಳು ಈ ಸಂಗಮದಲ್ಲಿ ನೆಲಸಿದ್ದರು. ಇಂದಿಗೂ ಅಲ್ಲಿ ಪೂಜೆಗೊಳ್ಳುವುದು ‘ನಿರ್ಗುಣ ಪಾದುಕೆ’. ಪಾದುಕೆಗೆ ಆಕಾರವುಂಟು, ನಿರ್ಗುಣಕ್ಕೆ ಅದಿಲ್ಲ. ಈ ವಿರೋಧವನ್ನು ಅದ್ವೈತಿಯು ವ್ಯಾವಹಾರಿಕ, ಪಾರಮಾರ್ಥಿಕ ಎಂಬ ಸತ್ತಾಭೇದದಿಂದ ಪರಿಹರಿಸುವನು. ರೂಪವು ಸೋಪಾನ, ಏರಿದ ಮೇಲೆ ಅದು ಬಾಧಿತವಾಗುವುದು.

ಎರಡನೆಯದು ಜೇವರ್ಗಿಯದು. 17ನೆಯ ಶತಮಾನದಲ್ಲಿ ಅಲ್ಲಿದ್ದ ಷಣ್ಮುಖಸ್ವಾಮಿಗಳು ತಮ್ಮ ಗುರುವಿನ ಹೆಸರಾದ ‘ಅಖಂಡೇಶ್ವರ’ನ ಅಂಕಿತದಲ್ಲಿ 700ಕ್ಕೂ ಮಿಕ್ಕ ವಚನಗಳನ್ನು ರಚಿಸಿ, ಷಟ್‌ಸ್ಥಲಕ್ರಮವನ್ನು ನಿರೂಪಿಸಿದರು. ಈ ಕ್ರಮದಲ್ಲಿ ಘ್ರಾಣಕ್ಕೆ ಆಚಾರಲಿಂಗ, ಜಿಹ್ವೆಗೆ ಗುರುಲಿಂಗ, ನೇತ್ರಕ್ಕೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಶ್ರೋತ್ರಕ್ಕೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಗಂಧ, ರಸ, ರೂಪಾದಿಗಳು ಆಯಾ ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುವುವು. ಇಲ್ಲಿ ಇಂದ್ರಿಯವು ಬಿಡತಕ್ಕ ಸೋಪಾನವಲ್ಲ, ಅರ್ಪಣದ ದ್ವಾರ.

ಪಾಠಶಾಲೆಯಲ್ಲಿ ರಜ್ಜುಸರ್ಪನ್ಯಾಯವನ್ನು ಕಲಿತ ನಮ್ಮಂಥವರು ಲಿಂಗಾಂಗಸಾಮರಸ್ಯವನ್ನು ಕಂಡೊಡನೆ, ಇದು ಕನ್ನಡದಲ್ಲಿ ಹೇಳಿದ ಅದ್ವೈತವೆಂದು ನಿರ್ಣಯಿಸುವುದುಂಟು. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆನು. ಆದರೆ ಹಗ್ಗದಲ್ಲಿ ತೋರಿದ ಹಾವನ್ನು ಯಾರೂ ದೇವರಿಗೆ ಅರ್ಪಿಸಲಾರರು. ಅರ್ಪಣವು ದಿಟವಾಗಬೇಕಾದರೆ ಅರ್ಪಿತ ಪದಾರ್ಥವೂ, ಅರ್ಪಿಸುವ ಅಂಗವೂ ದಿಟವಾಗಿರಬೇಕು. ಆದುದರಿಂದಲೇ ಶಕ್ತಿವಿಶಿಷ್ಟಾದ್ವೈತಿಗಳು ಜಗತ್ತನ್ನು ಮಿಥ್ಯೆಯೆನ್ನದೆ ಶಿವಶಕ್ತಿಯ ವಿಕಾಸವೆಂದರು. ಐಕ್ಯಸ್ಥಲದಲ್ಲಿ ಭೇದವಳಿಯುವುದು ನಿಜ. ಅದು ಸುಳ್ಳೆಂದು ತಿಳಿದು ಅಳಿಯುವುದಲ್ಲ, ಸಮರಸವಾಗಿ ಅಳಿಯುವುದು.

12ನೆಯ ಶತಮಾನದ ಶರಣರ ತರುವಾಯ ಬಂದ ವಚನಗಳು ಬರಿಯ ತತ್ತ್ವಗಣನೆಗಳೆಂಬ ಆಕ್ಷೇಪವುಂಟು. ಈ ವಚನಗಳಲ್ಲಿಯೂ ಗಣನೆಯು ಕೆಲವೆಡೆ ಆಯಾಸವನ್ನುಂಟುಮಾಡುವುದೆಂಬುದನ್ನು ಒಪ್ಪತಕ್ಕದ್ದೇ. ಆದರೆ ಆ ಕಾಲವನ್ನೂ ನೆನೆಯಬೇಕು. ನೆರೆಯ ವಿಜಾಪುರದ ಆದಿಲಶಾಹಿಯು 1686ರಲ್ಲಿ ಔರಂಗಜೇಬನ ವಶವಾಯಿತು. ರಾಜ್ಯಗಳು ಅಳಿಯುತ್ತಿದ್ದ ಅಂಥ ಶತಮಾನದಲ್ಲಿ ಲೋಕವೇ ಮಾಯೆಯೆನ್ನುವುದು ಸುಲಭವಾಗಿತ್ತು. ಜೇವರ್ಗಿಯ ವಚನಕಾರರು ಹಾಗೆನ್ನದೆ, ಕಣ್ಣು ಕಿವಿ ನಾಲಗೆಗಳ ಲೆಕ್ಕವನ್ನು ಒಂದೊಂದಾಗಿ ಒಪ್ಪಿಸಿದರು. ಅನುಭವದಲ್ಲಿ ಯಾವುದೂ ಹೊರಗುಳಿಯಬಾರದೆಂಬುದೇ ಆ ಗಣನೆಯ ತಾತ್ಪರ್ಯವೆಂದು ನನ್ನ ಮತ. ಖಂಡಗಳನ್ನು ಅಲ್ಲಗಳೆದು ಪಡೆದ ಅಖಂಡವು ಒಂದು. ಖಂಡಗಳನ್ನೆಲ್ಲ ಕೂಡಿಸಿಕೊಂಡ ಅಖಂಡವು ಇನ್ನೊಂದು. ವಚನಗಳನ್ನು ಪಾಠಹೇಳುವವರು ಈ ಭೇದವನ್ನು ಮರೆಯದಿದ್ದರೆ ಎರಡು ದರ್ಶನಗಳಿಗೂ ನ್ಯಾಯ ಸಂದೀತು.