ಎಷ್ಟು ಕೊಡುತ್ತೆ?

ನಮ್ಮ ರಾಜಘಟ್ಟಕ್ಕೆ ಹೆಸರು ಬಂದಿದ್ದು ಕಾರಿನಿಂದಲ್ಲ, ಮಣ್ಣಿನಿಂದ. 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಇಲ್ಲಿ ಅಗೆದಾಗ ಬೌದ್ಧ ಚೈತ್ಯ, ವಿಹಾರಗಳ ಅವಶೇಷ ಸಿಕ್ಕವು. ಕಾರುಗಳು ಬರೋದು ಭಾನುವಾರ ಬೆಳಗಿನ ಜಾವ. ನಂದಿಬೆಟ್ಟಕ್ಕೆ ಹೊರಟ ಸ್ಪೋರ್ಟ್ಸ್ ಕಾರುಗಳು ಈ ಕಡೆ ಟೀ ಕುಡಿಯೋಕೆ ನಿಂತರೆ, ಯಾರಾದರೂ ಹಿರಿಯರು ಒಂದು ಸುತ್ತು ಹಾಕಿ ನೋಡಿ ಕೇಳೋ ಪ್ರಶ್ನೆ ಒಂದೇ: "ಲೀಟರಿಗೆ ಎಷ್ಟು ಕೊಡುತ್ತೆ?" ಮಾಲೀಕ ಸ್ನೇಹಿತರ ಕಡೆ ನೋಡಿ ನಗುತ್ತಾನೆ. ನನಗಂತೂ ಅದು ನಗುವ ಪ್ರಶ್ನೆ ಅನ್ನಿಸೋದಿಲ್ಲ. ಅದಕ್ಕೆ ಐವತ್ತು ವರ್ಷದ ಇತಿಹಾಸ ಇದೆ, ಆ ಇತಿಹಾಸದಲ್ಲಿ ಮೈಸೂರಿನ ಒಂದು ಕಾರ್ಖಾನೆಯೂ ಇದೆ.

1973ಕ್ಕೆ ಹೋಗೋಣ. ಆ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲಕ್ಕೆ ದಿಗ್ಬಂಧನ ಹಾಕಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿ ಪೆಟ್ರೋಲ್ ಬೆಲೆ ಏರಿಕೆಯನ್ನು ವಿರೋಧಿಸಿ ಸಂಸತ್ತಿಗೆ ಎತ್ತಿನ ಗಾಡಿಯಲ್ಲಿ ಬಂದರು. ಅದೇ ವರ್ಷ ಬಿಎಂಡಬ್ಲ್ಯು ಕಂಪನಿ ಫ್ರಾಂಕ್‌ಫರ್ಟ್ ಮೇಳದಲ್ಲಿ '2002 ಟರ್ಬೊ' ಅನ್ನೋ ಕಾರು ತೋರಿಸಿತ್ತು. ಎರಡು ಲೀಟರ್ ಎಂಜಿನ್, 170 ಅಶ್ವಶಕ್ತಿ. ಆಗಿನ ಟರ್ಬೊಗೆ ಎಂಜಿನ್ ಒಳಗೇ 'ನಾಕಿಂಗ್' ಹೊಡೆಯದಂತೆ ಕಂಪ್ರೆಷನ್ ಅನುಪಾತವನ್ನು 6.9ಕ್ಕೆ ಇಳಿಸಬೇಕಾಯಿತು. ಕಂಪ್ರೆಷನ್ ಇಳಿದರೆ ಪ್ರತಿ ಹನಿ ಪೆಟ್ರೋಲಿನಿಂದ ಸಿಗುವ ಕೆಲಸವೂ ಇಳಿಯುತ್ತೆ. ಅಂದರೆ ಟರ್ಬೊ ನಿದ್ದೆಯಲ್ಲಿದ್ದಾಗ ಎಂಜಿನ್ ಸೋಮಾರಿ, ಎದ್ದಾಗ ದುಂದುಗಾರ. ಜನ ಪೆಟ್ರೋಲಿಗೆ ಕ್ಯೂ ನಿಂತಿದ್ದ ಕಾಲಕ್ಕೆ ಬಂದ ಆ ಕಾರು 1,672ಕ್ಕೇ ಮುಗಿಯಿತು.

ಅದೇ 1973ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳ ಟ್ಯಾಂಕ್ ಮೇಲೆ 'ಜಾವಾ' ಹೋಗಿ 'ಯೆಜ್ಡಿ' ಬಂತು. ನಮ್ಮಲ್ಲಿ ಸ್ಪೋರ್ಟ್ಸ್ ಕಾರು ಯಾರ ಕೈಗೂ ಎಟುಕದ ಕಾಲದಲ್ಲಿ ಸ್ಪೋರ್ಟ್ಸ್ ಕಾರಿನ ಜಾಗ ತುಂಬಿದ್ದು ಇದೇ. 250 ಸಿಸಿ, ಟೂ-ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. 1978ರಲ್ಲಿ ರೋಡ್‌ಕಿಂಗ್ ಬಂದಮೇಲಂತೂ ಕಾಲೇಜು ಹುಡುಗರ ಗೋಡೆ ಮೇಲೆ ದೇವರ ಕ್ಯಾಲೆಂಡರ್ ಪಕ್ಕದಲ್ಲೇ ಅದರ ಚಿತ್ರ.

ಟೂ-ಸ್ಟ್ರೋಕ್ ಎಂಜಿನ್ನಿನ ಕಥೆಯೇ ಶಕ್ತಿ ಮತ್ತು ಮೈಲೇಜಿನ ಜಗಳ. ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಸ್ಫೋಟ, ಹಾಗಾಗಿ ಅದೇ ಅಳತೆಯ ಫೋರ್-ಸ್ಟ್ರೋಕ್‌ಗಿಂತ ಎಳೆತ ಜಾಸ್ತಿ. ಆದರೆ ಹೊಗೆ ಹೊರಹೋಗುವ ಬಾಗಿಲು ತೆರೆದಿರುವಾಗಲೇ ಹೊಸ ಮಿಶ್ರಣ ಒಳಗೆ ಬರುತ್ತೆ, ಒಂದಿಷ್ಟು ಉರಿಯದೇ ಹೊರಗೆ ಹೋಗುತ್ತೆ. ಹಾಲು ಕರೆಯುವ ಪಾತ್ರೆಗೇ ತೂತು! ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್ ಈ ತೂತಿಗೆ ಸದ್ದಿನಿಂದಲೇ ಮುಚ್ಚಳ ಮಾಡಿದ. ಸೈಲೆನ್ಸರಿನ ಹೊಟ್ಟೆಯನ್ನು ಉಬ್ಬಿಸಿ ಮತ್ತೆ ಕಿರಿದು ಮಾಡಿ, ಹೊರಟ ಒತ್ತಡದ ಅಲೆ ವಾಪಸ್ ಬಂದು ಓಡಿಹೋಗುವ ಮಿಶ್ರಣವನ್ನು ಒಳಗೆ ತಳ್ಳುವಂತೆ ಮಾಡಿದ. 1961ರಲ್ಲಿ ಅವನ 125 ಸಿಸಿ ರೇಸ್ ಎಂಜಿನ್ ಲೀಟರಿಗೆ 200 ಅಶ್ವಶಕ್ತಿಯ ಲೆಕ್ಕ ಮುಟ್ಟಿತು. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿದ, ಗುಟ್ಟು ಸುಝುಕಿಗೆ ಹೋಯಿತು. ಆದರೆ ಒಂದು ಷರತ್ತು: ಆ ಅಲೆ ಸರಿಯಾದ ಹೊತ್ತಿಗೆ ವಾಪಸ್ ಬರೋದು ಒಂದು ಸಣ್ಣ ಆರ್‌ಪಿಎಂ ವ್ಯಾಪ್ತಿಯಲ್ಲಿ ಮಾತ್ರ. ಟ್ರಾಫಿಕ್‌ನಲ್ಲಿ ನಿಧಾನ ಹೋಗೋವಾಗ ಪಾತ್ರೆಯ ತೂತು ತೂತೇ.

ನಮ್ಮ ಸೋದರಮಾವನ ಹತ್ತಿರ ರೋಡ್‌ಕಿಂಗ್ ಇತ್ತು. ದೊಡ್ಡಬಳ್ಳಾಪುರದ ಮಗ್ಗಗಳ ಸೀರೆಯನ್ನು ಹಿಂದೆ ಕಟ್ಟಿಕೊಂಡು ಚಿಕ್ಕಪೇಟೆಗೆ ಹೋಗಿಬರೋರು. ಪೆಟ್ರೋಲ್ ಖರ್ಚು ಲಾಭವನ್ನೇ ತಿನ್ನೋಕೆ ಶುರುಮಾಡಿದಾಗ ಎಲ್ಲರೂ ಮಾಡಿದ್ದನ್ನೇ ಅವರೂ ಮಾಡಿದರು: ಕಾರ್ಬ್ಯುರೇಟರಿನಲ್ಲಿ ಸಣ್ಣ ಜೆಟ್ ಹಾಕಿಸಿದರು. ಇಲ್ಲೇ ಯಡವಟ್ಟು. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರೋದೂ ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಡಿಮೆ ಮಾಡಿದರೆ ಆಯಿಲೂ ಕಡಿಮೆ, ಮಿಶ್ರಣ ತೆಳ್ಳಗಾಗಿ ಶಾಖವೂ ಹೆಚ್ಚು. ಯಲಹಂಕ ದಾಟೋ ಮೊದಲೇ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಹೋಯಿತು. ಸೀರೆ ರಸ್ತೆ ಮೇಲೆ, ಮಾವ ರಸ್ತೆ ಪಕ್ಕದ ಹೊಲದಲ್ಲಿ. ಮೊಣಕೈ ಮೇಲೆ ಗುರುತು ಇನ್ನೂ ಇದೆ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. 97.2 ಸಿಸಿ, ಫೋರ್-ಸ್ಟ್ರೋಕ್, ಲೀಟರಿಗೆ 80 ಕಿಲೋಮೀಟರ್ ಅನ್ನೋ ಜಾಹೀರಾತು. ಯೆಜ್ಡಿ ಓಡಿಸಿದವರಿಗೆ ಅದು ಹೊಲಿಗೆ ಮೆಷಿನ್ ಥರ ಕಂಡಿತ್ತು. ಆದರೂ ಮಾವ ರೋಡ್‌ಕಿಂಗ್ ಕೊಟ್ಟು ಅದನ್ನೇ ತಂದರು. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಮೈಲೇಜ್ ಒಂದೇ ಕಾರಣ ಅಂದರೆ ಸುಳ್ಳಾಗುತ್ತೆ. ಕಾರ್ಮಿಕರ ತಕರಾರು ಇತ್ತು, ಹೊಗೆಯ ಹೊಸ ನಿಯಮಗಳು ಬರ್ತಿದ್ದವು. ಆದರೆ ನನ್ನ ಪ್ರಕಾರ, ಅದರ ಗಿರಾಕಿಯನ್ನು ಒಬ್ಬೊಬ್ಬರಾಗಿ ಕಿತ್ತುಕೊಂಡಿದ್ದು ಪೆಟ್ರೋಲ್ ಬಂಕೇ.

ಹಾಗಾದರೆ ಶಕ್ತಿ ಮತ್ತು ಉಳಿತಾಯ ಎರಡೂ ಒಟ್ಟಿಗೆ ಸಿಗೋದೇ ಇಲ್ವಾ? ಸಿಕ್ಕ ಉದಾಹರಣೆ ಇದೆ. 1981ರಲ್ಲಿ ಜಾಗ್ವಾರ್ ತನ್ನ ಎಕ್ಸ್‌ಜೆ-ಎಸ್ ಕಾರಿನ 5.3 ಲೀಟರ್ ವಿ-12 ಎಂಜಿನ್‌ಗೆ ಸ್ವಿಟ್ಜರ್ಲೆಂಡಿನ ಮೈಕೇಲ್ ಮೇ ರೂಪಿಸಿದ ಹೊಸ ಸಿಲಿಂಡರ್ ಹೆಡ್ ಹಾಕಿತು. ಮಿಶ್ರಣ ಗಿರ್ರನೆ ಸುತ್ತುತ್ತಾ ಒಂದು ಸಣ್ಣ ಗೂಡಿಗೆ ಸೇರಿ ಬೇಗ ಉರಿಯುವಂತೆ ಮಾಡಿದ್ದೇ ಉಪಾಯ. ಅದರಿಂದ ಕಂಪ್ರೆಷನ್ 12.5ಕ್ಕೆ ಏರಿಸಲು ಸಾಧ್ಯವಾಯಿತು, ತೆಳ್ಳಗಿನ ಮಿಶ್ರಣವೂ ಸರಿಯಾಗಿ ಉರಿಯಿತು. ಕಾರಿನ ವೇಗ ಹೋಗಲಿಲ್ಲ, ಕುಡಿಯೋದು ಕಡಿಮೆ ಆಯಿತು. ಮಾವ ಪೆಟ್ರೋಲ್ ಬರೋ ದಾರಿ ಕಿರಿದು ಮಾಡಿದ್ದರು, ಮೇ ಪೆಟ್ರೋಲ್ ಉರಿಯೋ ಜಾಗ ಬದಲಿಸಿದ. ಇಡೀ ವ್ಯತ್ಯಾಸ ಅಷ್ಟೇ ನೋಡಿ.

ಈಗ ಆ ಜೆಟ್‌ನ ಜಾಗಕ್ಕೆ ಇಸಿಯು ಬಂದಿದೆ, ಮೆಕ್ಯಾನಿಕ್‌ನ ಜಾಗಕ್ಕೆ ಲ್ಯಾಪ್‌ಟಾಪ್ ಹಿಡಿದ ಹುಡುಗ. ನನ್ನದು 1.2 ಲೀಟರ್ ಟರ್ಬೊ ಹ್ಯಾಚ್‌ಬ್ಯಾಕ್, ಬಡವರ ಸ್ಪೋರ್ಟ್ಸ್ ಕಾರು ಅನ್ನಿ. 'ಸ್ಟೇಜ್ ಒನ್ ಮಾಡಿಸು, ಪವರ್ರೂ ಬರುತ್ತೆ ಮೈಲೇಜೂ ಬರುತ್ತೆ' ಅಂತ ಆಫೀಸಿನಲ್ಲಿ ದಿನಾ ಉಪದೇಶ. ಅರ್ಧ ನಿಜ. ಸಮತಟ್ಟು ರಸ್ತೆಯಲ್ಲಿ 80ರ ವೇಗದಲ್ಲಿ ಇಂಥ ಕಾರಿಗೆ 20 ಅಶ್ವಶಕ್ತಿಯೂ ಬೇಡ. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಹೆಚ್ಚಿದರೆ ಮೇಲಿನ ಗೇರಿನಲ್ಲೇ ಹೋಗಬಹುದು, ಆಗ ಒಂದಿಷ್ಟು ಉಳಿಯುತ್ತೆ. ಆದರೆ ಪೂರ್ತಿ ಒತ್ತಿದಾಗ ಪೆಟ್ರೋಲ್‌ನಲ್ಲೇ ಎಂಜಿನ್ ತಂಪು ಮಾಡಬೇಕಾಗುತ್ತೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಇರಬೇಕಾದ ಕಡೆ ಗಾಳಿ 12-13ಕ್ಕೆ ಇಳಿಯುತ್ತೆ. ಹೊಸ ಬಲ ಸಿಕ್ಕವನು ಒತ್ತದೇ ಇರ್ತಾನಾ?

ಲೆಕ್ಕ ಹಾಕಿದೆ. ಊರಿಂದ ಆಫೀಸಿಗೆ ಹೋಗಿಬರೋಕೆ ದಿನಕ್ಕೆ 80 ಕಿಲೋಮೀಟರ್, ತಿಂಗಳಿಗೆ 22 ದಿನ. ಲೀಟರಿಗೆ 14 ಕೊಟ್ಟರೆ 126 ಲೀಟರ್, 11ಕ್ಕೆ ಇಳಿದರೆ 160. ನೂರು ದಾಟಿದ ಪೆಟ್ರೋಲಿಗೆ ತಿಂಗಳಿಗೆ ಮೂರೂವರೆ ಸಾವಿರ ವ್ಯತ್ಯಾಸ. ಇದರ ಮೇಲೆ ಈಗ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್. ಅದು ನಾಕಿಂಗ್ ತಡೆಯುತ್ತೆ, ಟರ್ಬೊಗೆ ಒಳ್ಳೇದೇ. ಆದರೆ ಎಥನಾಲ್‌ನಲ್ಲಿ ಲೀಟರಿಗೆ ಇರೋ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಮ್ಮಿ.

ಮ್ಯಾಪ್ ಹಾಕಿಸೋ ದುಡ್ಡಿನಲ್ಲಿ ಮೊದಲು ನಾಲ್ಕು ಒಳ್ಳೇ ಟೈರ್ ತಗೊಂಡೆ. ಡಿಕ್ಕಿಯಲ್ಲಿದ್ದ ದೊಡ್ಡ ಸ್ಪೀಕರ್ ಡಬ್ಬ ತೆಗೆಸಿದೆ. ನಂದಿಯ ತಿರುವುಗಳಲ್ಲಿ ಕಾರು ಈಗ ಮೊದಲಿಗಿಂತ ಚುರುಕು, ವಾರಕ್ಕೊಮ್ಮೆ ಗಾಳಿ ಹಿಡಿಸೋದು ಬಿಟ್ಟರೆ ಬೇರೆ ಖರ್ಚಿಲ್ಲ. ಇಸಿಯು ಇನ್ನೂ ಮುಟ್ಟಿಲ್ಲ.