ಕಾರ್ಟೂನ್ ಲೋಕದ ಅಂಜುಬುರುಕರು: ಸ್ಕೂಬಿಯಿಂದ ಬೊಚ್ಚಿಯವರೆಗೆ

ಕಿರುತೆರೆಯ ಕಾರ್ಟೂನ್ ಧಾರಾವಾಹಿಗಳಲ್ಲಿ ಸಾಹಸಿ ನಾಯಕನ ಪಕ್ಕದಲ್ಲಿ ನಡುಗುತ್ತ ನಿಲ್ಲುವ ಒಂದು ಪಾತ್ರ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಭೂತದ ನೆರಳು ಕಂಡೊಡನೆ ಓಟ ಕೀಳುವ ನಾಯಿ, ಅಪರಿಚಿತರು ಎದುರಾದರೆ ಕೂದಲಲ್ಲಿ ಮುಖ ಮರೆಸಿಕೊಳ್ಳುವ ಕುದುರೆ, ಇಡೀ ತರಗತಿಯಲ್ಲಿ ಒಬ್ಬರೊಂದಿಗೂ ಮಾತನಾಡಲಾಗದ ಬಾಲಕಿ ಇದಕ್ಕೆ ಉದಾಹರಣೆಗಳು. ಅಮೆರಿಕ, ಜಪಾನ್ ಹಾಗೂ ಯೂರೋಪಿನ ಅನಿಮೇಷನ್ ಕೃತಿಗಳಲ್ಲಿ 1960ರ ದಶಕದಿಂದಲೂ ಇಂತಹ ಪಾತ್ರಗಳು ನಿರಂತರವಾಗಿ ಕಾಣಿಸಿಕೊಂಡಿವೆ.

ಆರಂಭದಲ್ಲಿ ಇವರ ಕೆಲಸ ನಗಿಸುವುದಷ್ಟೇ ಆಗಿತ್ತು. ಕಾಲಕ್ರಮೇಣ ಇವರಲ್ಲಿ ಕೆಲವರು ಕಥಾನಾಯಕರಾದರು. ತರಗತಿಯಲ್ಲಿ ಕೈ ಎತ್ತಲು ಹಿಂಜರಿಯುವ ಮಗು ತನ್ನಂಥವರನ್ನು ಮೊದಲು ಕಾಣುವುದು ಹೆಚ್ಚಾಗಿ ಟಿ.ವಿ. ಪರದೆಯ ಮೇಲೆಯೇ. ಅಲ್ಲಿ ಆ ಪಾತ್ರವನ್ನು ಗೇಲಿ ಮಾಡಲಾಗುತ್ತದೆಯೋ ಗೌರವಿಸಲಾಗುತ್ತದೆಯೋ ಎಂಬುದು ಆ ಮಗುವಿನ ಮಟ್ಟಿಗೆ ಸಣ್ಣ ವಿಷಯವಲ್ಲ.

ಅಂಜಿಕೆ ಬೇರೆ, ಸಂಕೋಚ ಬೇರೆ

ಆಡುಮಾತಿನಲ್ಲಿ ಪುಕ್ಕಲು, ಅಂಜುಬುರುಕ, ನಾಚಿಕೆ ಸ್ವಭಾವ, ಸಂಕೋಚ ಎಂಬ ಪದಗಳನ್ನು ಒಂದರ ಬದಲು ಮತ್ತೊಂದು ಬಳಸುವುದುಂಟು. ಆದರೆ ಇವು ಒಂದೇ ಅಲ್ಲ. ಅಂಜುಬುರುಕನಿಗೆ ಕತ್ತಲೆ, ಭೂತ, ನೋವು, ಅಪಾಯಗಳ ಭಯ. ಸಂಕೋಚದ ಸ್ವಭಾವದವರಿಗೆ ಅಳುಕು ಮನುಷ್ಯರ ಬಗ್ಗೆ. ಇತರರು ತಮ್ಮನ್ನು ನೋಡುತ್ತಿದ್ದಾರೆ, ಅಳೆಯುತ್ತಿದ್ದಾರೆ ಎಂಬ ಅರಿವೇ ಅವರ ನಾಲಿಗೆಯನ್ನು ಕಟ್ಟಿಹಾಕುತ್ತದೆ. ಕಾರ್ಟೂನ್ ಪಾತ್ರಗಳಲ್ಲಿ ಸ್ಕೂಬಿ ಮೊದಲ ವರ್ಗಕ್ಕೆ ಸೇರಿದರೆ, ಜಪಾನಿನ ಬೊಚ್ಚಿ ಎರಡನೆಯದಕ್ಕೆ ಸೇರುತ್ತಾಳೆ.

ಈ ಸ್ವಭಾವ ಅಪರೂಪದ್ದೇನಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ 1970ರ ದಶಕದಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಸುಮಾರು ಶೇ 40ರಷ್ಟು ಮಂದಿ ತಮ್ಮನ್ನು ಸಂಕೋಚದ ಸ್ವಭಾವದವರೆಂದು ಹೇಳಿಕೊಂಡಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರೋಮ್ ಕೇಗನ್ (1929-2021) ಶಿಶುಗಳನ್ನು ವರ್ಷಗಟ್ಟಲೆ ಗಮನಿಸಿ, ಹೊಸದನ್ನು ಕಂಡಾಗ ತೀವ್ರವಾಗಿ ಕಳವಳಗೊಳ್ಳುವ ಗುಣ ಸುಮಾರು ಐದರಲ್ಲಿ ಒಂದು ಮಗುವಿನಲ್ಲಿ ಕೆಲವೇ ತಿಂಗಳ ವಯಸ್ಸಿನಲ್ಲಿ ಕಾಣಿಸುತ್ತದೆ ಎಂದು ತೋರಿಸಿದರು. ಅಂದರೆ ಇದರ ಒಂದು ಪಾಲು ಹುಟ್ಟಿನಿಂದಲೇ ಬಂದದ್ದು. ಅದನ್ನು ಪೂರ್ತಿಯಾಗಿ ಮಗುವಿನ ತಪ್ಪು ಅಥವಾ ತಾಯಿ-ತಂದೆಯರ ಮುದ್ದಿನ ಫಲ ಎನ್ನಲಾಗದು. ಇದೇ ಅಳುಕು ನಿತ್ಯ ಜೀವನವನ್ನೇ ಕೆಡಿಸುವಷ್ಟು ತೀವ್ರವಾದಾಗ ಮಾತ್ರ ವೈದ್ಯರು ಅದನ್ನು ಕಾಯಿಲೆಯೆಂದು ಪರಿಗಣಿಸುತ್ತಾರೆ. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಇಂತಹ ಸಾಮಾಜಿಕ ಭೀತಿಗೆ ಪ್ರತ್ಯೇಕ ಸ್ಥಾನ ದೊರೆತದ್ದು 1980ರಲ್ಲಿ.

ಸ್ಕೂಬಿ ಡೂ: ಭಯವೇ ಬಂಡವಾಳ

ಹ್ಯಾನಾ-ಬಾರ್ಬೆರಾ ಸಂಸ್ಥೆ ನಿರ್ಮಿಸಿದ ‘ಸ್ಕೂಬಿ ಡೂ, ವೇರ್ ಆರ್ ಯೂ!’ ಧಾರಾವಾಹಿ 1969ರ ಸೆಪ್ಟೆಂಬರ್ 13ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಆರಂಭವಾಯಿತು. ಆಗ ಮಕ್ಕಳ ಕಾರ್ಟೂನ್‌ಗಳಲ್ಲಿನ ಹೊಡೆದಾಟದ ವಿರುದ್ಧ ಪೋಷಕರ ಸಂಘಟನೆಗಳು ದನಿ ಎತ್ತಿದ್ದವು. ಮಹಾಶೂರರ ಬದಲು ಹೆದರಿ ಓಡುವವರನ್ನು ಮುಂದಿಟ್ಟ ಈ ಧಾರಾವಾಹಿಗೆ ಆ ಸನ್ನಿವೇಶ ಅನುಕೂಲವಾಗಿ ಪರಿಣಮಿಸಿತು. ಕಥೆಗಾರರು ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್.

ಸ್ಕೂಬಿಯ ರೂಪ ಸೃಷ್ಟಿಸಿದವರು ಜಪಾನಿ ಮೂಲದ ಕಲಾವಿದ ಇವಾವೊ ಟಕಾಮೊಟೊ. ಪ್ರಶಸ್ತಿ ಗೆಲ್ಲುವ ಗ್ರೇಟ್ ಡೇನ್ ನಾಯಿಗೆ ಇರಬೇಕಾದ ಲಕ್ಷಣಗಳನ್ನು ಆ ತಳಿ ಸಾಕುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ಕೇಳಿ ತಿಳಿದ ಅವರು, ಎಲ್ಲವನ್ನೂ ತಿರುವುಮುರುವು ಮಾಡಿದರು. ನೇರ ಬೆನ್ನಿನ ಬದಲು ಗೂನು, ನೆಟ್ಟಗಿನ ಕಾಲುಗಳ ಬದಲು ಸೊಟ್ಟ ಕಾಲು, ದೃಢವಾದ ಗದ್ದದ ಬದಲು ಒಳಸರಿದ ಗದ್ದ. ದೊಡ್ಡ ದೇಹದಲ್ಲಿ ಪುಟ್ಟ ಗುಂಡಿಗೆ ಎಂಬ ಹಾಸ್ಯ ಹೀಗೆ ಗೆರೆಗಳಲ್ಲೇ ಮೂಡಿತು. ಡಾನ್ ಮೆಸಿಕ್ ಸ್ಕೂಬಿಗೂ ಕೇಸಿ ಕೇಸಮ್ ಅದರ ಜೊತೆಗಾರ ಶ್ಯಾಗಿಗೂ ದನಿ ನೀಡಿದರು.

ಸ್ಕೂಬಿ ಮತ್ತು ಶ್ಯಾಗಿಯನ್ನು ಮುಂದೆ ಕಳುಹಿಸಲು ಗೆಳೆಯರು ‘ಸ್ಕೂಬಿ ಸ್ನ್ಯಾಕ್ಸ್’ ಎಂಬ ತಿನಿಸಿನ ಆಮಿಷ ಒಡ್ಡುತ್ತಾರೆ. ಕಳ್ಳ ಸಿಕ್ಕಿಬೀಳುವುದು ಅನೇಕ ಬಾರಿ ಇವರಿಬ್ಬರ ಎಡವಟ್ಟಿನಿಂದಲೇ. ಮೊದಲ ಸರಣಿಯ 25 ಕಂತುಗಳ ಭೂತಗಳು ಕೊನೆಗೆ ಮುಖವಾಡ ತೊಟ್ಟ ಮನುಷ್ಯರಾಗಿಯೇ ಹೊರಬೀಳುತ್ತವೆ. ಭಯಕ್ಕೆ ಆಧಾರವಿಲ್ಲ ಎಂಬುದು ಪ್ರತಿ ಕಂತಿನಲ್ಲೂ ಸಾಬೀತಾದರೂ ಮುಂದಿನ ವಾರ ಸ್ಕೂಬಿ ಮತ್ತೆ ಹೆದರುತ್ತದೆ. ಈ ಮಾದರಿಯಲ್ಲಿ ಪಾತ್ರ ಬೆಳೆಯುವುದಿಲ್ಲ. ಬೆಳೆದರೆ ಹಾಸ್ಯವೇ ನಿಂತುಹೋಗುತ್ತದೆ.

ಪಿಗ್ಲೆಟ್ ಮತ್ತು ಚಕ್ಕಿ

ಬ್ರಿಟಿಷ್ ಲೇಖಕ ಎ.ಎ. ಮಿಲ್ನ್ 1926ರಲ್ಲಿ ಪ್ರಕಟಿಸಿದ ‘ವಿನ್ನಿ ದ ಪೂ’ ಪುಸ್ತಕದ ಪುಟ್ಟ ಹಂದಿಮರಿ ಪಿಗ್ಲೆಟ್. ಡಿಸ್ನಿ ಸಂಸ್ಥೆ 1966ರಲ್ಲಿ ತಯಾರಿಸಿದ ಮೊದಲ ಪೂ ಕಿರುಚಿತ್ರದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ; 1968ರ ಎರಡನೆಯ ಚಿತ್ರದಲ್ಲಿ ಸೇರ್ಪಡೆಯಾಯಿತು. ಅಂದಿನಿಂದ 2005ರಲ್ಲಿ ನಿಧನರಾಗುವವರೆಗೆ ಜಾನ್ ಫೀಡ್ಲರ್ ಅದಕ್ಕೆ ಕಂಠದಾನ ಮಾಡಿದರು. 1988ರಿಂದ 1991ರವರೆಗೆ ಪ್ರಸಾರವಾದ ಧಾರಾವಾಹಿಯಲ್ಲೂ ಕೇಳಿಬಂದದ್ದು ಅವರದೇ ನಡುಗುವ ದನಿ. ಬಿರುಗಾಳಿಯಲ್ಲಿ ಗೂಬೆಯ ಮನೆ ಬಿದ್ದುಹೋದಾಗ, ಗೆಳೆಯರು ಗೂಬೆಗಾಗಿ ಹುಡುಕಿದ ಮನೆ ತನ್ನದೇ ಎಂದು ಗೊತ್ತಿದ್ದೂ ಪಿಗ್ಲೆಟ್ ಅದನ್ನು ಬಿಟ್ಟುಕೊಡುತ್ತದೆ. ಗುಂಪಿನಲ್ಲೇ ಅತಿ ಚಿಕ್ಕ, ಅತಿ ಪುಕ್ಕಲು ಪ್ರಾಣಿ ಅತಿ ದೊಡ್ಡ ತ್ಯಾಗ ಮಾಡುವ ಈ ಪ್ರಸಂಗ ಮಕ್ಕಳ ಸಾಹಿತ್ಯದ ಅಪೂರ್ವ ಕ್ಷಣಗಳಲ್ಲಿ ಒಂದು.

1991ರಲ್ಲಿ ನಿಕೆಲೋಡಿಯನ್ ವಾಹಿನಿಯಲ್ಲಿ ಆರಂಭವಾದ ‘ರಗ್‌ರ‍್ಯಾಟ್ಸ್’ ಧಾರಾವಾಹಿಯ ಚಕ್ಕಿ ಫಿನ್‌ಸ್ಟರ್ ಎರಡು ವರ್ಷದ, ಕೆಂಗೂದಲಿನ, ದಪ್ಪ ಕನ್ನಡಕದ ಮಗು. ವಿದೂಷಕನಿಂದ ಹಿಡಿದು ಓಟ್ಸ್ ಡಬ್ಬಿಯ ಮೇಲಿನ ಚಿತ್ರದವರೆಗೆ ಅವನಿಗೆ ಎಲ್ಲದರ ಭಯ. ವಯಸ್ಸಿನಲ್ಲಿ ತನಗಿಂತ ಕಿರಿಯನಾದ ಟಾಮಿಯ ಸಾಹಸಗಳಿಗೆ ಅವನು ಒಲ್ಲದ ಮನಸ್ಸಿನಿಂದಲೇ ಹೆಜ್ಜೆ ಹಾಕುತ್ತಾನೆ. 1997ರ ತಾಯಂದಿರ ದಿನದ ವಿಶೇಷ ಕಂತಿನಲ್ಲಿ ಚಕ್ಕಿಯ ತಾಯಿ ತೀರಿಕೊಂಡಿರುವ ಸಂಗತಿ ವೀಕ್ಷಕರಿಗೆ ತಿಳಿಯುತ್ತದೆ. ಅದುವರೆಗೆ ನಕ್ಕಿದ್ದ ವೀಕ್ಷಕನಿಗೆ ಆ ಮಗುವಿನ ದಿಗಿಲು ಬೇರೆಯೇ ಆಗಿ ಕಾಣತೊಡಗುತ್ತದೆ.

ಹೆಸರೇ ಧೈರ್ಯ, ಸ್ವಭಾವ ಪುಕ್ಕಲು

ಈ ವರ್ಗದ ಪಾತ್ರಗಳಲ್ಲಿ ಅತ್ಯಂತ ಚರ್ಚಿತವಾದದ್ದು ಜಾನ್ ಆರ್. ಡಿಲ್‌ವರ್ತ್ ಸೃಷ್ಟಿಸಿದ ‘ಕರೇಜ್ ದ ಕವರ್ಡ್ಲಿ ಡಾಗ್’. ಇದರ ಮೂಲವಾದ 1996ರ ಕಿರುಚಿತ್ರ ಆಸ್ಕರ್‌ಗೆ ನಾಮಕರಣಗೊಂಡಿತ್ತು. 1999ರ ನವೆಂಬರ್‌ನಿಂದ 2002ರ ನವೆಂಬರ್‌ವರೆಗೆ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 52 ಕಂತುಗಳು ಪ್ರಸಾರವಾದವು. ಭಾರತದಲ್ಲೂ ಪ್ರಸಾರವಾದ ಈ ಧಾರಾವಾಹಿ ಕರ್ನಾಟಕದ ನಗರಗಳ ಒಂದು ಪೀಳಿಗೆಗೆ ಚಿರಪರಿಚಿತ.

ಕ್ಯಾನ್ಸಸ್ ರಾಜ್ಯದ ‘ನೋವೇರ್’ ಎಂಬ ಬಯಲಿನ ಒಂಟಿ ಮನೆ. ಅನಾಥ ಮರಿಯಾಗಿದ್ದಾಗ ತನ್ನನ್ನು ಎತ್ತಿಕೊಂಡು ಬಂದ ಮ್ಯೂರಿಯಲ್ ಎಂಬ ವೃದ್ಧೆ, ಮುಖವಾಡ ತೊಟ್ಟು ಹೆದರಿಸಿ ಸಂತೋಷಪಡುವ ಆಕೆಯ ಗಂಡ ಯೂಸ್ಟಸ್, ನಡುವೆ ಗುಲಾಬಿ ಬಣ್ಣದ ನಾಯಿ ಕರೇಜ್. ಇಲ್ಲಿನ ದೆವ್ವಗಳು ಸ್ಕೂಬಿಯ ಕಥೆಗಳಂತೆ ಮುಖವಾಡದ ಮನುಷ್ಯರಲ್ಲ, ನಿಜವಾದವು. ಕರೇಜ್ ಕಿರುಚುತ್ತದೆ, ಅದರ ಹಲ್ಲುಗಳು ಉದುರುತ್ತವೆ, ಮೈ ಚೂರುಚೂರಾಗುತ್ತದೆ. ಆದರೂ ಮ್ಯೂರಿಯಲ್‌ಗೆ ಅಪಾಯ ಬಂದಾಗ ಗೊಣಗುತ್ತಲೇ ಮರಳಿ ಒಳಗೆ ಹೋಗುತ್ತದೆ. ಅದರ ಭಯ ಒಂದು ಕಂತಿನಲ್ಲೂ ವಾಸಿಯಾಗುವುದಿಲ್ಲ. ಭಯ ಇದ್ದೂ ಮಾಡಬೇಕಾದ್ದನ್ನು ಮಾಡುವುದೇ ಧೈರ್ಯ ಎಂಬ ಅರ್ಥ ಹೀಗೆ ಉಪದೇಶವಿಲ್ಲದೆ ಮಕ್ಕಳನ್ನು ತಲುಪಿತು. ಕೊನೆಯ ಕಂತಿನಲ್ಲಿ, ಯಾವುದರಲ್ಲೂ ಲೋಪವಿರಬಾರದೆಂದು ಗದರುವ ಶಿಕ್ಷಕಿಯ ಕಾಟಕ್ಕೆ ಕುಗ್ಗಿದ ಕರೇಜ್‌ಗೆ, ಪರಿಪೂರ್ಣತೆ ಎಂಬುದೇ ಇಲ್ಲವೆಂದು ಸಮಾಧಾನ ಹೇಳುವುದು ಸ್ನಾನದ ತೊಟ್ಟಿಯ ಒಂದು ಮೀನು.

ಕಾಣದ ಹುಡುಗಿ ನಿನ್ನಿ

ಫಿನ್ಲೆಂಡಿನ ಲೇಖಕಿ ಟೂವೆ ಯಾನ್ಸನ್ ಅವರ ಮೂಮಿನ್ ಕಥೆಗಳನ್ನು ಆಧರಿಸಿ ಜಪಾನಿನಲ್ಲಿ ತಯಾರಾದ ಧಾರಾವಾಹಿ 1990ರಲ್ಲಿ ಆರಂಭವಾಯಿತು. ಅದರಲ್ಲಿ ಬರುವ ನಿನ್ನಿ, ಯಾನ್ಸನ್ 1962ರಲ್ಲಿ ಪ್ರಕಟಿಸಿದ ಕಥೆಯೊಂದರ ಪಾತ್ರ. ಸಾಕಿದವಳ ಕಟು ಮಾತುಗಳಿಂದ ಅಂಜಿ ಅಂಜಿ ಈ ಹುಡುಗಿ ಅದೃಶ್ಯಳೇ ಆಗಿಬಿಟ್ಟಿದ್ದಾಳೆ. ಕೊರಳ ಗಂಟೆಯ ಸದ್ದಿನಿಂದ ಮಾತ್ರ ಆಕೆ ಎಲ್ಲಿದ್ದಾಳೆಂದು ತಿಳಿಯಬೇಕು. ಮೂಮಿನ್ ಕುಟುಂಬದ ಆರೈಕೆಯಲ್ಲಿ ಮೊದಲು ಪಾದಗಳು, ಆಮೇಲೆ ಮೈ ಕಾಣತೊಡಗುತ್ತವೆ. ಮುಖ ಮಾತ್ರ ಇಲ್ಲ. ಮೂಲ ಕಥೆಯಲ್ಲಿ, ಪ್ರೀತಿಯ ಮೂಮಿನ್ ತಾಯಿಯನ್ನು ತಮಾಷೆಗೆಂದು ನೀರಿಗೆ ತಳ್ಳಲು ಹೋದವನ ಬಾಲವನ್ನು ಸಿಟ್ಟಿನಿಂದ ಕಚ್ಚಿದಾಗ ಅವಳ ಮುಖ ಮೂಡುತ್ತದೆ. ಎಲ್ಲ ಸಂಕೋಚವೂ ಹುಟ್ಟುಗುಣವಲ್ಲ, ಕೆಲವೊಮ್ಮೆ ಅದು ಹಿರಿಯರ ಮಾತಿನ ಗಾಯ ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಕಥೆಗಳು ವಿರಳ.

ನೊಬಿಟಾದಿಂದ ಬೊಚ್ಚಿವರೆಗೆ

ಜಪಾನಿ ಭಾಷೆಯಲ್ಲಿ ಅಪರಿಚಿತರೆದುರು ಮುದುಡುವ ಸ್ವಭಾವಕ್ಕೆ ‘ಹಿತೊಮಿಶಿರಿ’ ಎಂಬ ಪ್ರತ್ಯೇಕ ಪದವೇ ಇದೆ. ಭಾರತದಲ್ಲಿ 2005ರಿಂದ ಹಂಗಾಮಾ ವಾಹಿನಿಯ ಮೂಲಕ ಮನೆಮಾತಾದ ‘ಡೋರೆಮಾನ್’ನ ನೊಬಿಟಾ ಅಳುಮುಂಜಿ, ಸೋಮಾರಿ, ಗಿಯಾನ್‌ನ ಏಟಿಗೆ ಹೆದರುವವನು. ಫುಜಿಕೊ ಎಫ್. ಫುಜಿಯೊ ಅವರ 1974ರ ಕಥೆಯೊಂದರಲ್ಲಿ ಡೋರೆಮಾನ್ ಬಿಟ್ಟು ಹೋಗುವ ದಿನ ಬರುತ್ತದೆ. ಗೆಳೆಯ ನಿಶ್ಚಿಂತೆಯಿಂದ ಹೋಗಲೆಂದು ನೊಬಿಟಾ ಯಾವ ಯಂತ್ರದ ನೆರವೂ ಇಲ್ಲದೆ ಗಿಯಾನ್‌ನನ್ನು ಎದುರಿಸಿ, ಏಟು ತಿನ್ನುತ್ತಲೇ ಹಿಡಿತ ಬಿಡದೆ ಗೆಲ್ಲುತ್ತಾನೆ. 1998ರಲ್ಲಿ ಕಿರುಚಿತ್ರವಾಗಿಯೂ ಬಂದ ಕಥೆಯಿದು.

2002ರಲ್ಲಿ ಆರಂಭವಾದ ‘ನರುಟೊ’ ಧಾರಾವಾಹಿಯ ಹಿನಾಟಾ, 2021ರ ‘ಕೋಮಿ ಕಾಂಟ್ ಕಮ್ಯೂನಿಕೇಟ್’ನ ಕೋಮಿ ಇದೇ ಸಾಲಿಗೆ ಸೇರುತ್ತಾರೆ. ಎಲ್ಲರೂ ಮೆಚ್ಚುವ ರೂಪವತಿ ಕೋಮಿಗೆ ಮಾತೇ ಹೊರಡದು. ಸಹಪಾಠಿಯೊಂದಿಗೆ ಕಪ್ಪುಹಲಗೆಯ ಮೇಲೆ ಬರೆದು ಸಂಭಾಷಿಸುವ ಅವಳ ಆಸೆ ನೂರು ಮಂದಿ ಗೆಳೆಯರನ್ನು ಪಡೆಯುವುದು. ಅವಳ ಮೌನವನ್ನು ಜನ ಗಾಂಭೀರ್ಯವೆಂದು ತಪ್ಪಾಗಿ ತಿಳಿಯುತ್ತಾರೆ.

2022ರ ಅಕ್ಟೋಬರ್‌ನಿಂದ 12 ಕಂತುಗಳಲ್ಲಿ ಪ್ರಸಾರವಾದ ‘ಬೊಚ್ಚಿ ದ ರಾಕ್!’ ಈ ಪ್ರಕಾರವನ್ನು ಮತ್ತಷ್ಟು ಮುಂದೆ ಒಯ್ದಿತು. ಅಕಿ ಹಮಾಜಿ ಅವರ ಚಿತ್ರಕಥೆಯನ್ನು ಆಧರಿಸಿದ ಇದರ ನಾಯಕಿ ಹಿತೋರಿ ಗೊಟೊ, ಮನೆಯ ಕಪಾಟಿನೊಳಗೆ ಕುಳಿತು ಗಿಟಾರ್ ಅಭ್ಯಾಸ ಮಾಡಿ ನಿಪುಣೆಯಾದವಳು. ವೇದಿಕೆ ಹತ್ತಲು ಅಂಜಿ ಮೊದಲ ಕಛೇರಿಯನ್ನು ಮಾವಿನಹಣ್ಣಿನ ರಟ್ಟಿನ ಪೆಟ್ಟಿಗೆಯೊಳಗೆ ಅಡಗಿ ನುಡಿಸುತ್ತಾಳೆ. ಅಳುಕು ಹೆಚ್ಚಾದಾಗ ಅವಳ ಮುಖದ ಗೆರೆಗಳೇ ಕಲಸಿಹೋಗುತ್ತವೆ. ಆದರೆ ಈ ನಗು ಹೊರಗಿನಿಂದ ಬಂದದ್ದಲ್ಲ. ಅವಳ ಮನಸ್ಸು ಅವಳಿಗೆ ಹೇಳುವ ಭಯಂಕರ ಊಹೆಗಳನ್ನು ನಾವೂ ಅವಳೊಳಗಿನಿಂದಲೇ ನೋಡುತ್ತೇವೆ.

ಫ್ಲಟರ್‌ಶೈ ಕಲಿತ ಪಾಠ

2010ರಿಂದ 2019ರವರೆಗೆ ನಡೆದ ‘ಮೈ ಲಿಟಲ್ ಪೋನಿ: ಫ್ರೆಂಡ್‌ಶಿಪ್ ಈಸ್ ಮ್ಯಾಜಿಕ್’ನ ರೆಕ್ಕೆಯ ಕುದುರೆ ಫ್ಲಟರ್‌ಶೈಗೆ ದನಿ ಕೊಟ್ಟವರು ಆಂಡ್ರಿಯಾ ಲಿಬ್ಮನ್. ಪಿಸುಮಾತಿಗಿಂತ ಜೋರಾಗಿ ಮಾತನಾಡದ ಈಕೆ, ಗೆಳತಿಯರಿಗೆ ನೋವಾದಾಗ ದೈತ್ಯ ಡ್ರ್ಯಾಗನ್‌ಗೇ ಗದರುತ್ತಾಳೆ. 2012ರ ಕಂತೊಂದರಲ್ಲಿ ಧೈರ್ಯದ ತರಬೇತಿಗೆ ಸೇರಿದ ಫ್ಲಟರ್‌ಶೈ ಎಲ್ಲರ ಮೇಲೂ ಎಗರಾಡತೊಡಗಿ, ಕೊನೆಗೆ ತನ್ನನ್ನೇ ಕಂಡು ನಾಚುತ್ತಾಳೆ. ದಬಾಯಿಸದೆಯೂ ‘ಬೇಡ’ ಎನ್ನಬಹುದು ಎಂಬುದು ಅವಳು ಕಂಡುಕೊಂಡ ದಾರಿ.

ಆಕ್ಷೇಪಗಳು

ಇಂತಹ ಪಾತ್ರಗಳ ಚಿತ್ರಣ ದೋಷಮುಕ್ತವಲ್ಲ. ಮೊದಲನೆಯದಾಗಿ, ತೊದಲುವಿಕೆಯನ್ನು ಪುಕ್ಕಲುತನದ ಗುರುತಾಗಿ ಬಳಸುವ ರೂಢಿ. ಉಗ್ಗು ಮಾತಿನ ಸಮಸ್ಯೆಯೇ ಹೊರತು ಹೇಡಿತನದ ಲಕ್ಷಣವಲ್ಲ. ಎರಡನೆಯದಾಗಿ, ಲಿಂಗಭೇದ. ಹಿನಾಟಾ, ಫ್ಲಟರ್‌ಶೈ ಅವರ ನಾಚಿಕೆಯನ್ನು ಮೋಹಕವೆಂದು ಚಿತ್ರಿಸಿದರೆ, ನೊಬಿಟಾ, ಚಕ್ಕಿ ಅವರ ಅಂಜಿಕೆ ಗೇಲಿಯ ವಸ್ತು. ಮೂರನೆಯದಾಗಿ, ಒಂದೇ ಘಟನೆಯಿಂದ ಸ್ವಭಾವ ಬದಲಾಗುವಂತೆ ತೋರಿಸುವ ಅವಸರ. ಅದನ್ನು ನಂಬಿದ ಪೋಷಕರು ಮಗುವನ್ನು ಒತ್ತಾಯದಿಂದ ವೇದಿಕೆಗೆ ತಳ್ಳುವ ಅಪಾಯವಿದೆ.

ಕನ್ನಡಿಗರಿಗೆ ಅಪರಿಚಿತನಲ್ಲ

ಕನ್ನಡದಲ್ಲೇ ಕಾರ್ಟೂನ್ ನೀಡುವ ಚಿಂಟು ಟಿವಿ ಆರಂಭವಾದದ್ದು 2009ರಲ್ಲಿ. ಆದರೆ ಇಂತಹ ಪಾತ್ರದ ಪರಿಚಯ ನಮಗೆ ಅದಕ್ಕೂ ಬಹಳ ಹಿಂದಿನದು. ಕುಮಾರವ್ಯಾಸನ ವಿರಾಟಪರ್ವದ ಉತ್ತರಕುಮಾರ ಹೆಂಗಳೆಯರ ಮುಂದೆ ಪೌರುಷ ಕೊಚ್ಚಿ, ಕೌರವ ಸೇನೆ ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ‘ಉತ್ತರನ ಪೌರುಷ’ ಎಂಬ ನುಡಿಗಟ್ಟು ಅಲ್ಲಿಗೇ ನಿಂತಿದೆ. ಕಥೆ ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ. ಬೃಹನ್ನಳೆಯ ವೇಷದ ಅರ್ಜುನ ಅವನನ್ನು ಎಳೆತಂದು ಧೈರ್ಯ ತುಂಬುತ್ತಾನೆ. ಅದೇ ಉತ್ತರ ಅರ್ಜುನನ ಸಾರಥಿಯಾಗಿ ರಣರಂಗದ ನಡುವೆ ರಥ ನಡೆಸುತ್ತಾನೆ. ಓಡಿದವನನ್ನು ನೆನಪಿಟ್ಟುಕೊಂಡ ನಾವು, ಲಗಾಮು ಹಿಡಿದವನನ್ನು ಮರೆತಿದ್ದೇವೆ.

ಸಂಕ್ಷಿಪ್ತ ಮಾಹಿತಿ

ಸ್ಕೂಬಿ ಡೂ: ಅಮೆರಿಕ, 1969. ಭೂತಗಳಿಗೆ ಹೆದರುವ ಗ್ರೇಟ್ ಡೇನ್ ನಾಯಿ.
ಪಿಗ್ಲೆಟ್: ಪುಸ್ತಕ 1926, ಟಿ.ವಿ. ಧಾರಾವಾಹಿ 1988. ಪುಟ್ಟ ಹಂದಿಮರಿ.
ನಿನ್ನಿ: ಕಥೆ 1962, ಟಿ.ವಿ. ಧಾರಾವಾಹಿ 1990. ಅಂಜಿ ಅದೃಶ್ಯಳಾದ ಬಾಲಕಿ.
ಚಕ್ಕಿ: ಅಮೆರಿಕ, 1991. ಎರಡು ವರ್ಷದ ಮಗು.
ಕರೇಜ್: ಅಮೆರಿಕ, 1999. ಗುಲಾಬಿ ಬಣ್ಣದ ನಾಯಿ.
ಫ್ಲಟರ್‌ಶೈ: ಅಮೆರಿಕ, 2010. ರೆಕ್ಕೆಯುಳ್ಳ ಕುದುರೆ.
ಕೋಮಿ: ಜಪಾನ್, 2021. ಮಾತು ಹೊರಡದ ವಿದ್ಯಾರ್ಥಿನಿ.
ಬೊಚ್ಚಿ: ಜಪಾನ್, 2022. ಜನರಿಗೆ ಅಂಜುವ ಗಿಟಾರ್ ವಾದಕಿ.